ಸೀರಿಯಲ್‌ಗಳಲ್ಲಿ ನಂಗೆ ನಿಜ ಅನ್ಸಿದ್ದು ಕೈಯಲ್ಲಿ ಕೆಲಸ ಇರೋ ಪಾತ್ರಗಳು

ಕನ್ನಡ ಸೀರಿಯಲ್‌ಗಳಲ್ಲಿ ಅತ್ತೆ ಸೊಸೆ ಜಗಳ ಬಿಟ್ಟು ಇನ್ನೇನಿದೆ, ನಿಜವಾದ ಮನುಷ್ಯರ ಥರ ಅನ್ಸೋ ಒಂದು ಪಾತ್ರನಾದ್ರೂ ಇದ್ಯಾ, ಊರಿಗೆ ಹೋದಾಗ ಅಮ್ಮನ ಜೊತೆ ಕೂತು ನೋಡೋಕೆ ಯಾವ್ದರಿಂದ ಶುರು ಮಾಡ್ಲಿ ಅಂತ ಕೇಳಿದೀರಿ. ಇದೆ ಮಾರಾಯ್ರೆ, ಒಂದಲ್ಲ, ಸುಮಾರಿದೆ. ನಂಗೆ ಮೊದಲು ನೆನಪಾಗೋದು ಪುಟ್ಟಕ್ಕ.

ಜೀ ಕನ್ನಡದಲ್ಲಿ 2021ರ ಕೊನೇಲಿ ಶುರುವಾದ ಪುಟ್ಟಕ್ಕನ ಮಕ್ಕಳು. ಮೂರೂ ಹೆಣ್ಣೇ ಹುಟ್ಟಿದ್ವು ಅಂತ ಗಂಡ ಬಿಟ್ಟು ಇನ್ನೊಬ್ಬಳನ್ನ ಕಟ್ಕೊಂಡಿರ್ತಾನೆ, ಈಯಮ್ಮ ಮೆಸ್ ನಡೆಸಿ ಮಕ್ಕಳನ್ನ ಸಾಕ್ತಾಳೆ. ಕಥೆ ಇಷ್ಟೇ, ಇಂಥ ಕಥೆ ನಾವು ಬೇಕಾದಷ್ಟು ನೋಡಿದೀವಿ. ಆದ್ರೆ ಪುಟ್ಟಕ್ಕನ ಪಾತ್ರ ಮಾಡಿರೋ ಉಮಾಶ್ರೀ ಅವರು ಆ ಮೆಸ್ಸನ್ನ ಬರೀ ಹಿಂದಿನ ಸೆಟ್ ಮಾಡ್ಕೊಳ್ಳಲ್ಲ, ಅಲ್ಲೇ ಬದುಕ್ತಾರೆ. ತೀರ್ಥಹಳ್ಳೀಲಿ ನಮ್ ಚಿಕ್ಕಮ್ಮ ಕಾಲೇಜ್ ಹುಡುಗರಿಗೆ ಊಟ ಹಾಕೋ ಸಣ್ಣ ಮೆಸ್ ನಡೆಸ್ತಾರೆ, ಅವ್ರು ಆ ಸೀರಿಯಲ್ ನೋಡೋದು ನೋಡ್ಬೇಕು ನೀವು, ಕಥೆ ಎಲ್ಲಿಗೆ ಬಂತು ಅನ್ನೋದಕ್ಕಿಂತ ಪುಟ್ಟಕ್ಕನ ಕೈ ಹೆಂಗೆ ಆಡುತ್ತೆ, ದುಡ್ಡಿನ ಮಾತು ಬಂದಾಗ ದನಿ ಹೆಂಗೆ ಇಳಿಯುತ್ತೆ ಅನ್ನೋದರ ಮೇಲೇ ಕಣ್ಣು. ಒಂದ್ಸಲ ನೋಡ್ತಾ ನೋಡ್ತಾ ಅಂದ್ರು, "ಬಾಕಿ ಇಟ್ಟಿರೋ ಹುಡುಗ ಊಟಕ್ಕೆ ಕೂತಾಗ ಅವನ ಮುಖ ನೋಡದೇ ಬಡಿಸ್ಬೇಕು ಕಣೇ, ನೋಡಿದ್ರೆ ಅವ್ನಿಗೆ ಅನ್ನ ಇಳಿಯಲ್ಲ." ಅಷ್ಟು ವರ್ಷ ಅವ್ರ ಮನೇಲೇ ಉಂಡು ಬೆಳೆದ ನಂಗೆ ಈ ಮಾತು ಅವತ್ತೇ ಮೊದಲು ಕೇಳಿದ್ದು, ಅದನ್ನ ಅವ್ರ ಬಾಯಿಂದ ಹೊರಡಿಸಿದ್ದು ಒಂದು ಸೀರಿಯಲ್ ಪಾತ್ರ. ಇದು ಸಣ್ಣ ವಿಷಯ ಅಂತ ನಂಗನ್ಸಲ್ಲ.

ಅದೇ ಸೀರಿಯಲ್‌ನ ಬಂಗಾರಮ್ಮನೂ ಅಷ್ಟೇ. ಬಡ್ಡಿ ವ್ಯವಹಾರದ ಹೆಂಗಸು, ಮಂಜುಭಾಷಿಣಿ ಮಾಡಿದ್ದು (ಸಿಲ್ಲಿ ಲಲ್ಲಿಯ ಲಲಿತಾಂಬ ಇವ್ರೇ ಅಂತ ನಂಬೋಕಾಗಲ್ಲ, ಅಷ್ಟು ಬೇರೆ ಆಗಿದಾರೆ). ಸಾಲ ಕೊಟ್ಟು ವಸೂಲಿ ಮಾಡೋರ ಗತ್ತು ಅವಳ ನಡಿಗೇಲಿ, ಮಾತಲ್ಲಿ ಇರುತ್ತೆ, ಅದೇ ಹೆಂಗಸು ಮಗ ಕಂಠಿ ಮುಂದೆ ಕರಗೋದೂ ನಿಜ ಅನ್ಸುತ್ತೆ. ಕಾರಣನೇ ಇಲ್ಲದೆ ಕೆಟ್ಟವಳಾಗಿ ರೇಷ್ಮೆ ಸೀರೆ ಉಟ್ಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತು ಕಣ್ಣು ಕೆಂಪು ಮಾಡೋ ಅತ್ತೆಗೂ ಇವಳಿಗೂ ಅಜಗಜಾಂತರ.

ಇನ್ನು ನಮ್ ಕಡೆ ಸೀರಿಯಲ್ ಹೆಂಗೆ ನೋಡ್ತಾರೆ ಅನ್ನೋದನ್ನೂ ಹೇಳ್ಬೇಕು. ಅಡಿಕೆ ಕೊನೆ ಕೊಯ್ಲು ಶುರುವಾದ್ರೆ ರಾತ್ರಿ ಜಗಲೀಲಿ ಅಡಿಕೆ ಸುಲಿಯೋ ಕೆಲಸ, ಟಿವಿನೂ ಜಗಲಿಗೇ ಬರುತ್ತೆ. ಮೆಟ್ಟುಕತ್ತಿ ಮುಂದೆ ಕೂತೋರು ಕಣ್ಣು ಆಚೆ ಈಚೆ ಮಾಡಿದ್ರೆ ಬೆರಳೇ ಹೋಗುತ್ತೆ, ಹಂಗಾಗಿ ಸೀರಿಯಲ್ ನೋಡೋದು ಕಮ್ಮಿ, ಕೇಳೋದು ಜಾಸ್ತಿ. ಆಗ ಗೊತ್ತಾಗುತ್ತೆ ಯಾವ್ದರಲ್ಲಿ ಸತ್ವ ಇದೆ ಅಂತ. ಒಂದೇ ಮುಖಾನ ಮೂರು ಸಲ ಝೂಮ್ ಮಾಡಿ ಮ್ಯೂಸಿಕ್ ಬಾರಿಸೋ ಸೀರಿಯಲ್ಲಲ್ಲಿ ಕಿವಿಗೆ ಏನೂ ಸಿಗಲ್ಲ. ಟಿ. ಎನ್. ಸೀತಾರಾಮ್ ಅವರದ್ದು ಬಂದ್ರೆ ಜಗಲಿ ಪೂರ್ತಿ ಸುಮ್ನಾಗ್ತಿತ್ತು. 1998ರ ಮಾಯಾಮೃಗದ ಬಗ್ಗೆ ಅಮ್ಮ ಇವತ್ತಿಗೂ ಮಾತಾಡ್ತಾರೆ, ನಾನು ಸರಿಯಾಗಿ ಕೂತು ಕೇಳಿದ್ದು 2018ರಲ್ಲಿ ಶುರುವಾದ ಮಗಳು ಜಾನಕಿ. ಸಿಎಸ್‌ಪಿ ಅನ್ನೋ ಲಾಯರ್ ಆಗಿ ಸೀತಾರಾಮ್ ಅವ್ರೇ ಕೋರ್ಟಲ್ಲಿ ನಿಂತು ಸಾಕ್ಷೀನ ಒಂದೊಂದೇ ಪ್ರಶ್ನೆ ಕೇಳ್ತಾ, ಅವಸರನೇ ಇಲ್ಲದೆ ಸತ್ಯದ ಹತ್ರ ತಂದು ನಿಲ್ಲಿಸ್ತಿದ್ರಲ್ಲ, ಅದಕ್ಕೆ ಪರದೆನೇ ಬೇಡ. ನಮ್ಮಲ್ಲಿ ಸುಲಿಯೋಕೆ ಬರ್ತಿದ್ದ ಒಬ್ರು ಅಜ್ಜ, ಜಮೀನಿನ ಕೇಸಿಗೆ ಅಂತ ಶಿವಮೊಗ್ಗಕ್ಕೆ ತಿರುಗಿದವ್ರು, ಮರುದಿನದ ಎಪಿಸೋಡಲ್ಲಿ ಎದುರಾಳಿ ಲಾಯರ್ ಏನ್ ಕೇಳ್ಬಹುದು ಅಂತ ಲೆಕ್ಕ ಹಾಕ್ಕೊಂಡೇ ಮನೆಗೆ ಹೋಗ್ತಿದ್ರು.

ಮಾಲ್ಗುಡಿ ಡೇಸ್ ಬಗ್ಗೆ ಹೇಳದೇ ಇದ್ರೆ ಶಿವಮೊಗ್ಗದವ್ರು ಬೈತಾರೆ. ಶಂಕರ್‌ನಾಗ್ ಅದನ್ನ ಆಗುಂಬೇಲಿ ಶೂಟ್ ಮಾಡಿದ್ರು, 1986ರಲ್ಲಿ ದೂರದರ್ಶನದಲ್ಲಿ ಬಂತು, ಶೂಟಿಂಗ್ ಆದ ದೊಡ್ಡಮನೆ ನೋಡೋಕೆ ಈಗ್ಲೂ ಜನ ಬರ್ತಾರೆ. ಎಲ್ರಿಗೂ ಅದರಲ್ಲಿನ ಹುಡುಗ ಸ್ವಾಮಿ ಇಷ್ಟ, ನಂಗೂ ಇಷ್ಟ, ಆದ್ರೆ ದೊಡ್ಡವಳಾದ ಮೇಲೆ ನಾನು ನೋಡೋದು ಸ್ವಾಮಿಯ ಅಪ್ಪನ್ನ, ಗಿರೀಶ್ ಕಾರ್ನಾಡ್ ಮಾಡಿದ್ದು. ವಕೀಲ, ಗಂಭೀರ ಮನುಷ್ಯ. ಧೈರ್ಯ ಬರ್ಲಿ ಅಂತ ಮಗನ್ನ ರಾತ್ರಿ ಒಬ್ಬನೇ ಆಫೀಸ್ ರೂಮಲ್ಲಿ ಮಲಗಿಸೋ ಕಥೆ ಇದೆಯಲ್ಲ, ಅಜ್ಜಿ ಪಕ್ಕ ಮಲಗೋ ಹುಡುಗಂಗೆ ಅಪ್ಪನ ಆ ಕಾನೂನು ಪುಸ್ತಕದ ಕೋಣೆಗಿಂತ ಭಯದ ಜಾಗ ಇನ್ಯಾವ್ದು ಹೇಳಿ. ಅಪ್ಪನ ವೃತ್ತಿನೇ ಮಗನ ಭಯ ಆಗಿಬಿಡುತ್ತೆ ಅಲ್ಲಿ.

ಕನ್ನಡತಿ ಸೀರಿಯಲ್‌ನ ರತ್ನಮಾಲಾನೂ ನನ್ ಲೆಕ್ಕದಲ್ಲಿ ದೊಡ್ಡ ಪಾತ್ರ, ಚಿತ್ಕಲಾ ಬಿರಾದಾರ್ ಎಷ್ಟು ಘನತೆಯಿಂದ ಮಾಡಿದ್ರು! ಸ್ವಂತ ಸಂಸ್ಥೆ ಕಟ್ಟಿದ ಹೆಂಗಸು, ಅದಕ್ಕೇ ಯಾರ ಕೈಗೆ ಅದನ್ನ ಕೊಡ್ಬೇಕು ಅನ್ನೋದು ಅವ್ರಿಗೆ ಗೊತ್ತು, ಸೊಸೆ ಆಗೋ ಟೀಚರ್ ಭುವಿ ಹೆಸರಿಗೆ ವಿಲ್ ಬರೀತಾರೆ. ಅತ್ತೆ ಅಂದ್ರೆ ಹಿಂಗೂ ಇರ್ತಾರೆ ಅಂತ ತೋರಿಸಿದ್ದಕ್ಕೆ ನಂಗೆ ಆ ತಂಡದ ಮೇಲೆ ತುಂಬಾ ಗೌರವ.

ಕೆಡೋದು ಎಲ್ಲಿ ಅಂದ್ರೆ, ಪಾತ್ರದ ಕೈಯಿಂದ ಕೆಲಸ ಕಿತ್ಕೊಂಡಾಗ. ವಾರವಾರ ಟಿಆರ್‌ಪಿ ಬರುತ್ತೆ, ದಿನಾ ಒಂದು ಎಪಿಸೋಡ್ ಕೊಡ್ಲೇಬೇಕು, ಬರೆಯೋರಿಗೆ ಉಸಿರಾಡೋಕೂ ಟೈಮಿಲ್ಲ, ಆಗ ಡಾಕ್ಟರ್ ಆಸ್ಪತ್ರೆಗೆ ಹೋಗೋದು ನಿಲ್ಲಿಸ್ತಾಳೆ, ಬಿಸಿನೆಸ್‌ಮ್ಯಾನ್ ಹಗಲು ಹೊತ್ತಲ್ಲೂ ಮನೆ ಹಾಲಲ್ಲೇ ನಿಂತಿರ್ತಾನೆ, ಉಳಿಯೋದು ಮದುವೆ, ಕಿಡ್ನಾಪ್, ಹಾಲಿಗೆ ಬೆರೆಸೋ ವಿಷ.

ಅಮ್ಮನ ಜೊತೆ ನೋಡೋಕೆ ಪುಟ್ಟಕ್ಕನ ಮಕ್ಕಳು ಮೊದಲ ಎಪಿಸೋಡಿಂದ ಹಾಕಿ, ಜೀ5ರಲ್ಲಿ ಸಿಗುತ್ತೆ. ಪುಟ್ಟಕ್ಕನ ಮಗಳು ಸ್ನೇಹಾ ಪಾತ್ರ ಇರೋವರೆಗೂ ಬಿಡದೇ ನೋಡಿ, ಆಮೇಲಿಂದು ನಿಮ್ಮಿಷ್ಟ. ಮಧ್ಯೆ ಅಮ್ಮ ಏನಾದ್ರೂ ಹೇಳೋಕೆ ಶುರು ಮಾಡಿದ್ರೆ ದಯವಿಟ್ಟು ಪಾಜ್ ಒತ್ತಿ, ಪೂರ್ತಿ ಕೇಳಿ.