ಹೊಡೆಯಲು ಬಾರದಿದ್ದರೂ ಕೋಚ್ ಆಗೋದು ಹೇಗೆ ಅಂದ್ರೆ…

ಜಪಾನಿನ ಬೇಸ್‌ಬಾಲ್‌ನಲ್ಲಿ ಹೆಚ್ಚು ಹೋಮ್ ರನ್ (ಚೆಂಡನ್ನು ಮೈದಾನದಾಚೆ ಕಳಿಸೋ ದೊಡ್ಡ ಹೊಡೆತ) ಹೊಡೆಯದ ಇನ್‌ಫೀಲ್ಡರ್‌ಗಳೂ (ಬೇಸ್‌ಗಳ ಹತ್ತಿರ ನಿಂತು ಚೆಂಡು ಹಿಡಿಯೋರು) ಎರಡು ದಶಕ ಆಡಿ ಆಮೇಲೆ ಕೋಚ್ ಆಗ್ತಾರಲ್ಲ, ಅವರಲ್ಲಿ ಅಂಥದ್ದೇನಿದೆ ಅಂತ ಕೇಳಿದ್ದೀರಿ. ಕವಾಯಿ ಮಸಾಹಿರೊ ಅವರನ್ನು ನೋಡಿ. 1982ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳೋವಾಗ, ಯೋಮಿಯುರಿ ಜೈಂಟ್ಸ್ ತಂಡ ಆರಿಸಿದಾಗ ಅವರು ಪಿಚರ್ (ಚೆಂಡು ಎಸೆಯೋರು), ಆಮೇಲೆ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್‌ಗಳ ನಡುವೆ ನಿಲ್ಲೋ ಇನ್‌ಫೀಲ್ಡರ್) ಆದರು. ಇಡೀ ವೃತ್ತಿಯಲ್ಲಿ ಹೋಮ್ ರನ್ ಬರೀ 43. ಆದರೆ ತ್ಯಾಗದ ಬಂಟ್ 533, ಅದು ವಿಶ್ವದಾಖಲೆ! 2003ರಲ್ಲಿ ಅಮೆರಿಕದ ಆಟಗಾರ ಎಡ್ಡಿ ಕಾಲಿನ್ಸ್ ಅವರ 512ನ್ನು ದಾಟಿದರು.

ಬಂಟ್ ಅಂದರೆ ಬ್ಯಾಟ್ ಬೀಸೋದಿಲ್ಲ, ಅಡ್ಡ ಹಿಡಿದು ಚೆಂಡಿನ ವೇಗವನ್ನೇ ಸಾಯಿಸಿ ಎದುರಿಗೆ ನಾಲ್ಕು ಹೆಜ್ಜೆ ಉರುಳಿಸೋದು, ತಾನು ಔಟಾದರೂ ಜೊತೆಗಾರ ಒಂದು ಬೇಸ್ (ರನ್ ಗಳಿಸಲು ಸುತ್ತಬೇಕಾದ ನಾಲ್ಕು ಗುರುತುಗಳಲ್ಲಿ ಒಂದು) ಮುಂದೆ ಹೋಗ್ತಾನೆ. ಚೆಂಡು ಪಿಚರ್ ಕೈಗೆ ನೇರ ಹೋದರೆ ಕೆಲಸ ಕೆಟ್ಟಿತು. ಸುಮ್ನೆ ಬರೋ ವಿದ್ಯೆ ಅಲ್ಲ ಅದು, ಮತ್ತು ಬೇರೆಯವರಿಗೆ ಹೇಳಿಕೊಡಬಹುದಾದ ವಿದ್ಯೆ, ಅಲ್ವಾ? ಫೀಲ್ಡಿಂಗೂ ಅಷ್ಟೇ, ಅದಕ್ಕೆ ಕವಾಯಿ ಅವರಿಗೆ ಗೋಲ್ಡನ್ ಗ್ಲವ್ ಅನ್ನೋ ಫೀಲ್ಡಿಂಗ್ ಪ್ರಶಸ್ತಿಗಳೂ ಬಂದಿವೆ.

2003ರಲ್ಲೇ ನಿವೃತ್ತಿ ಅಂದಿದ್ದರು, ಮನಸ್ಸು ಬದಲಿಸಿ ಚುನಿಚಿ ಡ್ರ್ಯಾಗನ್ಸ್ ತಂಡಕ್ಕೆ ಹೋಗಿ 2006ರವರೆಗೆ ಆಡಿದರು. ಆಮೇಲೆ ಅಲ್ಲೇ ಕೋಚ್, ಮುಂದೆ ಜೈಂಟ್ಸ್‌ನ ಎರಡನೇ ತಂಡದ (ಹೊಸಬರನ್ನು ಬೆಳೆಸೋ ತಂಡ) ಮ್ಯಾನೇಜರ್, ಅಂದರೆ ಮುಖ್ಯ ಕೋಚ್ ಇದ್ದಂತೆ. ನನ್ನ ಪ್ರಕಾರ ಹುಟ್ಟು ಪ್ರತಿಭೆಯ ಹೊಡೆತಗಾರರಿಗಿಂತ ಇಂಥವರೇ ಜಾಸ್ತಿ ಒಳ್ಳೆಯ ಮೇಷ್ಟ್ರು.