ಚೀನಾದ ‘ಮುತ್ತಿನ ಮಾಲೆ’ ಭಾರತವನ್ನು ಸುತ್ತುವರಿದಿದೆಯೇ? ಎಂ.ಎ. ಪ್ರಬಂಧಕ್ಕೆ ಎಲ್ಲಿಂದ ಶುರು ಮಾಡಲಿ?

ಹಿಂದೂ ಮಹಾಸಾಗರದ ಸುತ್ತ ಚೀನಾ ಕಟ್ಟಿದ ಅಥವಾ ದುಡ್ಡು ಹಾಕಿದ ಬಂದರುಗಳ ಸಾಲಿಗೆ ‘ಮುತ್ತಿನ ಮಾಲೆ’ ಎನ್ನುತ್ತಾರೆ. ನಾನೂ ಇದೇ ಪ್ರಶ್ನೆ ಇಟ್ಟುಕೊಂಡು ಶುರು ಮಾಡಿದವನು. ಗ್ವಾದರ್ (ಪಾಕಿಸ್ತಾನ), ಹಂಬನ್‌ತೋಟ (ಶ್ರೀಲಂಕಾ), ಚಿತ್ತಗಾಂಗ್ (ಬಾಂಗ್ಲಾದೇಶ), ಕ್ಯಾಕ್‌ಪ್ಯು (ಮ್ಯಾನ್ಮಾರ್), ಜಿಬೂಟಿ (ಆಫ್ರಿಕಾ) ಅಂತ ನಕ್ಷೆಯಲ್ಲಿ ಐದು ಕೆಂಪು ಚುಕ್ಕಿ ಇಟ್ಟು, ಗೆರೆ ಎಳೆದು, ‘ಸುತ್ತುವರಿದಾಗಿದೆ’ ಎಂದು ಬರೆದೆ. ಆ ಅಧ್ಯಾಯವನ್ನು ಪೂರ್ತಿ ಬಿಸಾಡಬೇಕಾಯಿತು, ಆರು ತಿಂಗಳು ಹೋಯಿತು.

ತಪ್ಪು ಒಂದೇ. ಚೀನಾದ ದುಡ್ಡು ಬಿದ್ದ ಬಂದರನ್ನೆಲ್ಲ ಚೀನಾದ ನೌಕಾನೆಲೆ ಎಂದು ಲೆಕ್ಕ ಹಾಕಿದ್ದೆ. ಬಂದರೇ ಬೇರೆ, ನೆಲೆಯೇ ಬೇರೆ. ನೆಲೆ ಅಂದರೆ ಏನೆಂದು ತಿಳಿಯಲು ಕಾರವಾರದಲ್ಲಿರುವ ನಮ್ಮ ನೌಕಾನೆಲೆ ಐಎನ್‌ಎಸ್ ಕದಂಬ ಸಾಕು. 10,000 ಟನ್ ಭಾರವನ್ನು ನೀರಿನಿಂದ ಮೇಲೆತ್ತುವ ಶಿಪ್‌ಲಿಫ್ಟ್, ಮದ್ದುಗುಂಡಿನ ಉಗ್ರಾಣ, ನೌಕಾ ಆಸ್ಪತ್ರೆ, ಸಿಬ್ಬಂದಿಯ ವಸತಿ ಎಲ್ಲವೂ ಅಲ್ಲಿವೆ. ಯುದ್ಧದಲ್ಲಿ ಪೆಟ್ಟು ತಿಂದು ಬಂದ ಹಡಗಿಗೆ ತಳ ರಿಪೇರಿ ಆಗಬೇಕು, ಖಾಲಿಯಾದ ಕ್ಷಿಪಣಿ ಮತ್ತೆ ತುಂಬಬೇಕು, ನಿಂತಿರುವಾಗ ಮೇಲಿಂದ ದಾಳಿಯಾದರೆ ತಡೆಯಲು ವಾಯುರಕ್ಷಣೆ ಬೇಕು. ಕಂಟೇನರ್ ಕ್ರೇನ್‌ನಿಂದ ಇದ್ಯಾವುದೂ ಆಗದು. ಬರೀ ಆಳವಾದ ಬಂದರು ಸಿಕ್ಕರೆ ಡೀಸೆಲ್, ನೀರು, ದಿನಸಿ ತುಂಬಿಸಿಕೊಂಡು ಹೊರಡಬಹುದು, ಅಷ್ಟೇ. ನನ್ನ ಐದು ಚುಕ್ಕಿಗಳಲ್ಲಿ ಚೀನಾ ಬಹಿರಂಗವಾಗಿ ಸೇನಾನೆಲೆ ಇಟ್ಟಿರುವುದು ಜಿಬೂಟಿಯಲ್ಲಿ ಮಾತ್ರ, ಅದೂ 2017ರಿಂದ. ಅದೇ ಪುಟ್ಟ ದೇಶದಲ್ಲಿ ಅಮೆರಿಕ, ಫ್ರಾನ್ಸ್, ಜಪಾನ್‌ಗಳ ನೆಲೆಗಳೂ ಇವೆ.

ಹಂಬನ್‌ತೋಟದಲ್ಲಿ ಎಲ್ಲರೂ ಎಡವುತ್ತಾರೆ. ‘ಸಾಲ ತೀರಿಸಲಾಗದೆ ಬಂದರು ಬಿಟ್ಟುಕೊಟ್ಟರು’ ಎಂದು ದಯವಿಟ್ಟು ಬರೆಯಬೇಡಿ. 2017ರ 99 ವರ್ಷದ ಗುತ್ತಿಗೆಯಿಂದ ಬಂದ ಸುಮಾರು 112 ಕೋಟಿ ಡಾಲರ್ ಶ್ರೀಲಂಕಾದ ವಿದೇಶಿ ವಿನಿಮಯ ಸಂಗ್ರಹಕ್ಕೆ ಹೋಯಿತು. ಬಂದರು ಕಟ್ಟಲು ತಂದ ಸಾಲ ಅವರ ತಲೆಯ ಮೇಲೆ ಹಾಗೇ ಉಳಿಯಿತು.

ಹಾಗಂತ ಆತಂಕವೇ ಸುಳ್ಳಲ್ಲ. 2014ರ ಸೆಪ್ಟೆಂಬರ್ ಮತ್ತು ನವೆಂಬರ್‌ನಲ್ಲಿ ಚೀನಾದ ಜಲಾಂತರ್ಗಾಮಿ ಬಂದು ನಿಂತದ್ದು ಹಂಬನ್‌ತೋಟದಲ್ಲಲ್ಲ, ಕೊಲಂಬೊದಲ್ಲಿ, ಅದೂ ಚೀನೀ ಕಂಪನಿ ನಡೆಸುವ ಟರ್ಮಿನಲ್‌ನಲ್ಲಿ. ಆದ್ದರಿಂದ ಬಂದರಿನ ಹೆಸರು ನೋಡಿದರೆ ಸಾಲದು, ಯಾವ ಬರ್ತ್ (ಹಡಗು ನಿಲ್ಲುವ ಜಾಗ), ಅದನ್ನು ನಡೆಸುವವರು ಯಾರು ಎಂದೂ ನೋಡಬೇಕು. 2017ರ ಮೇನಲ್ಲಿ ಅಂಥದೇ ಕೋರಿಕೆಗೆ ಶ್ರೀಲಂಕಾ ಒಲ್ಲೆ ಎಂದಿತು. 2022ರ ಆಗಸ್ಟ್‌ನಲ್ಲಿ ಭಾರತ ಕಳವಳ ತೋಡಿಕೊಂಡರೂ ಉಪಗ್ರಹ, ಕ್ಷಿಪಣಿಗಳ ಜಾಡು ಹಿಡಿಯುವ ಚೀನಾದ ‘ಯುವಾನ್ ವಾಂಗ್ 5’ ಹಡಗನ್ನು ಹಂಬನ್‌ತೋಟಕ್ಕೆ ಬಿಟ್ಟುಕೊಂಡಿತು. 2024ರ ಜನವರಿಯಿಂದ ಒಂದು ವರ್ಷ ವಿದೇಶಿ ಸಂಶೋಧನಾ ಹಡಗುಗಳಿಗೇ ತಡೆ ಹಾಕಿತು. ಗೇಟಿನ ಕೀಲಿ ಯಾರ ಕೈಲಿದೆ ಎಂಬುದು ಇಲ್ಲಿ ಕಾಣುತ್ತದೆ, ನಿಮ್ಮ ಪ್ರಶ್ನೆಯಲ್ಲಿ ಅದೇ ಬಿಟ್ಟುಹೋಗಿದೆ. ‘ಸುತ್ತುವರಿದಿದೆಯೇ’ ಎಂಬುದನ್ನು ಕೈಬಿಡಿ. ‘ಯಾವ ಸರ್ಕಾರ, ಯಾವಾಗ, ಯಾರಿಗೆ ಗೇಟು ತೆರೆಯಿತು, ಯಾಕೆ’ ಎಂದು ಕೇಳಿ.

ಕೆಲಸ ಹೀಗೆ ಮಾಡಿ: ಒಂದು ಬಂದರಿಗೆ ಒಂದು ಹಾಳೆ. ಒಪ್ಪಂದದ ದಿನಾಂಕ ಮತ್ತು ಅವಧಿ, ನಡೆಸುವ ಕಂಪನಿ, ಯುದ್ಧನೌಕೆಗೆ ಅನುಮತಿ ಕೊಡುವವರು, ರಿಪೇರಿ, ಮದ್ದುಗುಂಡು, ಬಂದುಹೋದ ಹಡಗುಗಳ ದಿನಾಂಕ ಬರೆಯಿರಿ. ಕಾಲಂ ಖಾಲಿ ಉಳಿದರೆ ಹಾಗೇ ಬಿಡಿ, ಊಹಿಸಿ ತುಂಬಬೇಡಿ. ಹಾಗೆ ಊಹಿಸಿ ತುಂಬಿಯೇ ನಾನು ಕೆಟ್ಟದ್ದು.

ಆಮೇಲೆ ಅದೇ ಹಾಳೆಯನ್ನು ಭಾರತಕ್ಕೂ ತುಂಬಿ: 2018ರಲ್ಲಿ ಒಮಾನ್‌ನ ದುಕ್ಮ್ ಬಂದರಿನ ಬಳಕೆಗೆ ಸಿಕ್ಕ ಅವಕಾಶ, 2024ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ, ಮಾರಿಷಸ್‌ನ ಅಗಲೇಗಾ ದ್ವೀಪದಲ್ಲಿ ಭಾರತ ಕಟ್ಟಿಕೊಟ್ಟ ರನ್‌ವೇ ಮತ್ತು ಜೆಟ್ಟಿ, ಅಮೆರಿಕದ ಜತೆ 2016ರಲ್ಲಿ ಆದ ಸೇನಾ ಸರಬರಾಜು ಒಪ್ಪಂದ ‘ಲೆಮೋವಾ’ (LEMOA). ಕೊನೆಯದರಲ್ಲಿ ಇಂಧನ, ಬಿಡಿಭಾಗ, ರಿಪೇರಿಗೆ ಪರಸ್ಪರ ಅವಕಾಶವಿದೆ, ನೆಲೆ ಸ್ಥಾಪಿಸುವ ಹಕ್ಕಿಲ್ಲ. ಮಾಲ್ಡೀವ್ಸ್ ಹಾಳೆಯಲ್ಲಿ ಮಾತ್ರ ಜಾಗ್ರತೆ. 2024ರ ಮೇನಲ್ಲಿ ಭಾರತದ ಸೈನಿಕರು ವಾಪಸಾದರು ಎಂದು ಬರೆದು ನಿಲ್ಲಿಸಬೇಡಿ, ಭಾರತ ಕೊಟ್ಟಿದ್ದ ಎರಡು ಹೆಲಿಕಾಪ್ಟರ್, ಒಂದು ಡಾರ್ನಿಯರ್ ವಿಮಾನ ಅಲ್ಲೇ ಉಳಿದವು, ಅವನ್ನು ನೋಡಿಕೊಳ್ಳಲು ಭಾರತದಿಂದಲೇ ಸೇನೆಗೆ ಸೇರದ ತಂತ್ರಜ್ಞರು ಹೋದರು.