ಲೈಟ್‌ಹೌಸ್ ಕಾಯುವವರಿಗೆ ರಾತ್ರಿಯಿಡೀ ಏನು ಕೆಲಸ ಇರುತ್ತಿತ್ತು?

ದೀಪ ಹಚ್ಚಿಟ್ಟರೆ ಆಯ್ತಲ್ಲ, ರಾತ್ರಿಯಿಡೀ ಕಾಯೋಕೆ ಒಬ್ಬ ಮನುಷ್ಯ ಯಾಕೆ ಬೇಕಿತ್ತು ಅಂತ ಕೇಳಿದ್ದೀರಿ. ನಾನಿರುವುದು ಮಡಿಕೇರಿಯಲ್ಲಿ, ಸಮುದ್ರ ನೋಡಬೇಕಾದರೆ ಸಂಪಾಜೆ ಘಾಟಿ ಇಳಿದು ಹೋಗಬೇಕು. ಆದರೂ ನಿಮ್ಮ ಪ್ರಶ್ನೆ ಓದಿದ ಕೂಡಲೇ ನೆನಪಾಗಿದ್ದು ನಮ್ಮ ಮನೆಯ ಲಾಂದ್ರ.

ಚಿಕ್ಕವನಿದ್ದಾಗ ಮಳೆಗಾಲದಲ್ಲಿ ಒಮ್ಮೆ ಕರೆಂಟ್ ಹೋದರೆ ದಿನಗಟ್ಟಲೆ ಬರುತ್ತಿರಲಿಲ್ಲ. ಸಂಜೆ ಲಾಂದ್ರದ ಗಾಜು ಒರೆಸುವ ಕೆಲಸ ನನ್ನದು, ಒಳಗೆ ತೂರುವಷ್ಟು ಸಣ್ಣ ಕೈ ಇದ್ದಿದ್ದು ನನಗೇ. ಹಳೇ ಪಂಚೆ ತುಂಡಿಗೆ ಚೂರು ಬೂದಿ ಹಚ್ಚಿ ಉಜ್ಜಬೇಕು. ಬತ್ತಿಯ ಕರಕಲು ತುದಿಯನ್ನು ಸಮವಾಗಿ ಕತ್ತರಿಸಬೇಕು. ಒಂದು ಮೂಲೆ ಎತ್ತರ ಉಳಿದರೂ ಸ್ವಲ್ಪ ಹೊತ್ತಿಗೇ ಗಾಜು ಕಪ್ಪು. ಎಣ್ಣೆ ದೀಪದ ಕಾಲದ ಲೈಟ್‌ಹೌಸ್‌ನಲ್ಲೂ ಇದೇ ಕೆಲಸ. ಬತ್ತಿ ಕತ್ತರಿಸು, ಎಣ್ಣೆ ತುಂಬು, ಮಸಿ ಒರೆಸು.

ಅಲ್ಲಿನ ಗಾಜು ಮಾತ್ರ ಬೇರೆ. 1823ರಲ್ಲಿ ಫ್ರಾನ್ಸ್‌ನ ಕೋರ್ದುವಾನ್ ಲೈಟ್‌ಹೌಸ್‌ನಲ್ಲಿ ಫ್ರೆನೆಲ್ ಎಂಬ ಇಂಜಿನಿಯರ್ ಹೊಸ ಥರದ ಲೆನ್ಸ್ ಕೂರಿಸಿದರು. ದೀಪದ ಸುತ್ತ ಉಂಗುರ ಉಂಗುರವಾಗಿ ಗಾಜಿನ ಪಟ್ಟಿಗಳು. ಸುತ್ತಲೂ ಚೆಲ್ಲಿ ಹೋಗುವ ಬೆಳಕನ್ನು ಅವು ಬಗ್ಗಿಸಿ ಸಮುದ್ರದ ಕಡೆಗೆ ನೇರ ಕಳಿಸುತ್ತವೆ. ಇಂಥ ದೊಡ್ಡ ಲೆನ್ಸ್‌ಗಳು ಆಳಿಗಿಂತ ಎತ್ತರ, ತೂಕ ಟನ್‌ಗಳಲ್ಲಿ. ಅಷ್ಟೂ ಗಾಜನ್ನು ದಿನಾ ಒರೆಸಬೇಕಿತ್ತು.

ನಿದ್ದೆಗೆಡಿಸುತ್ತಿದ್ದದ್ದು ಇನ್ನೊಂದು ಕೆಲಸ. ಬೆಳಕು ಮಿನುಗಬೇಕಾದರೆ ಲೆನ್ಸ್ ತಿರುಗಬೇಕು. ಗೋಡೆ ಗಡಿಯಾರದ ಹಾಗೆ, ಗೋಪುರದೊಳಗೆ ನೇತುಬಿಟ್ಟ ಭಾರದ ಗುಂಡು ಕೆಳಗಿಳಿಯುತ್ತಾ ಅದನ್ನು ತಿರುಗಿಸುತ್ತಿತ್ತು. ಗುಂಡು ತಳ ಮುಟ್ಟುವ ಮುಂಚೆ ಕೈಯಿಂದ ಸುತ್ತಿ ಮತ್ತೆ ಮೇಲೆತ್ತಬೇಕು, ರಾತ್ರಿಯಲ್ಲಿ ಹಲವು ಸಲ. ಪ್ರತಿ ಲೈಟ್‌ಹೌಸ್‌ಗೂ ತನ್ನದೇ ಮಿನುಗಿನ ಲೆಕ್ಕ ಇರುತ್ತದೆ. ನಾವಿಕರು ಅದನ್ನು ಎಣಿಸಿಯೇ ಇದು ಯಾವ ಊರು ಅಂತ ತಿಳಿಯುವುದು. ಕಾಯುವವನು ನಿದ್ದೆ ಹೋಗಿ ಲೆನ್ಸ್ ನಿಂತರೆ, ದೀಪ ಉರಿಯುತ್ತಿದ್ದರೂ ಹಡಗಿನವರಿಗೆ ಊರು ತಪ್ಪುತ್ತದೆ. ಹಾಗಾಗಿ ಆ ಮನುಷ್ಯ ಬೇಕೇ ಬೇಕಿತ್ತು.

ಮುಂದೆ ಲೆನ್ಸನ್ನು ಪಾದರಸದ ತೊಟ್ಟಿಯಲ್ಲಿ ತೇಲಿಸಿದರು. ಟನ್‌ಗಟ್ಟಲೆ ಗಾಜು ಬೆರಳಲ್ಲಿ ನೂಕಿದರೂ ತಿರುಗುತ್ತಿತ್ತು. ಆದರೆ ಪಾದರಸದ ಆವಿ ವಿಷ. ಮುಚ್ಚಿದ ಕೋಣೆಯಲ್ಲಿ ವರ್ಷಗಟ್ಟಲೆ ಅದನ್ನೇ ಉಸಿರಾಡಿದವರನ್ನು ನೆನೆದರೆ ಸಂಕಟವಾಗುತ್ತದೆ.

ಇನ್ನು ಮಂಜು. ಘಾಟಿಯಲ್ಲಿ ಗಾಡಿ ಓಡಿಸಿದವರಿಗೆ ಗೊತ್ತು, ದಟ್ಟ ಮಂಜಲ್ಲಿ ಹೆಡ್‌ಲೈಟ್ ಜಾಸ್ತಿ ಮಾಡಿದಷ್ಟೂ ಎದುರು ಬರೀ ಬಿಳಿ. ಸಮುದ್ರದಲ್ಲೂ ಹಾಗೇ ಅಲ್ವಾ? ಅದಕ್ಕೆ ಮಂಜು ಜಾಸ್ತಿ ಬೀಳುವ ಕಡೆ ಗಂಟೆ, ತೋಪು, ಕೊನೆಗೆ ದೊಡ್ಡ ಹಾರ್ನ್ ಇಟ್ಟರು. ಅದನ್ನು ನೋಡಿಕೊಳ್ಳುವುದೂ ಇವರ ಪಾಲಿಗೇ.

ನಮ್ಮ ಕಡೆಯವರಿಗೆ ಹೋಗಿ ನೋಡೋಕೆ ಒಳ್ಳೇದು ಉಡುಪಿ ಹತ್ತಿರದ ಕಾಪು. 1901ರಲ್ಲಿ ಕಡಲ ಬಂಡೆಯ ಮೇಲೆ ಕಟ್ಟಿದ್ದು, ಸುಮಾರು 27 ಮೀಟರ್ ಎತ್ತರ. ಮೇಲೆ ಹತ್ತಲು ಬಿಡುವುದು ಸಂಜೆ ಸ್ವಲ್ಪ ಹೊತ್ತು, ಸಮಯ ವಿಚಾರಿಸಿಕೊಂಡು ಹೋಗಿ. ನಾನು ಬರಿಗೈಯಲ್ಲಿ ಹತ್ತಿಯೇ ಏದುಸಿರು ಬಿಟ್ಟೆ. ಎಣ್ಣೆಯ ಕಾಲದಲ್ಲಿ ಇಂಥ ಮೆಟ್ಟಿಲುಗಳನ್ನು ಡಬ್ಬ ಹೊತ್ತು ಹತ್ತುತ್ತಿದ್ದರು.